ಮಳೆಗಾಲದ ಒಳಮನೆಯಲ್ಲಿ ಗ್ರೋ ಲೈಟ್: ಸಸಿ ಸೊರಗಿದಾಗ, ದೀಪ ಕೈಕೊಟ್ಟಾಗ ಏನನ್ನು ಮೊದಲು ನೋಡಬೇಕು

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಾಸರಗೋಡಿನ ಒಳನಾಡಿನ ಮನೆಗಳಲ್ಲಿ ಹಗಲು ಹೊತ್ತಿನಲ್ಲೂ ದೀಪ ಹಾಕದೆ ಪುಸ್ತಕ ಓದುವಂತಿಲ್ಲ. ಮುಳ್ಳೇರಿಯ, ಬದಿಯಡ್ಕ, ಪೆರ್ಲ, ಬಾಯಾರು ಕಡೆಗಳಲ್ಲಿ ಮನೆಗಳಿರುವುದು ಹೆಚ್ಚಾಗಿ ಗುಡ್ಡಗಳ ನಡುವಿನ ತಗ್ಗಿನಲ್ಲಿ, ಅಡಿಕೆ ತೋಟಕ್ಕೆ ತಾಗಿಕೊಂಡು. ಹಂಚಿನ ಮಾಡು ಜಗಲಿಯ ಆಚೆಗೂ ಇಳಿದು ಬಂದಿರುತ್ತದೆ. ಸೋಣ ತಿಂಗಳಲ್ಲಿ ಮೆಣಸು, ಬದನೆ, ಟೊಮೆಟೊ ಸಸಿಗಳನ್ನು ಎಬ್ಬಿಸಿಟ್ಟುಕೊಂಡರೆ ಮಳೆ ಕಡಿಮೆಯಾಗುವ ಹೊತ್ತಿಗೆ ನಾಟಿಗೆ ಸಿದ್ಧವಾಗುತ್ತವೆ. ಆದರೆ ಅಂಗಳದಲ್ಲಿಟ್ಟರೆ ಮಳೆಯ ಹೊಡೆತಕ್ಕೆ ಮಣ್ಣು ಸಿಡಿದು ಬುಡ ಕೊಳೆಯುತ್ತದೆ, ಒಳಗಿಟ್ಟರೆ ಬೆಳಕಿಲ್ಲ. ಈ ಕಾರಣಕ್ಕಾಗಿಯೇ ಕೆಲವು ವರ್ಷಗಳಿಂದ ನಾನು ಚಾವಡಿಯ ಮೂಲೆಯ ಒಂದು ಕಬ್ಬಿಣದ ಶೆಲ್ಫಿನಲ್ಲಿ ಗ್ರೋ ಲೈಟ್, ಅಂದರೆ ಬಿಸಿಲಿನ ಬದಲು ಗಿಡಕ್ಕೆ ಬೆಳಕು ಕೊಡುವ ದೀಪ, ಕಟ್ಟಿ ಸಸಿ ಮಾಡುತ್ತಿದ್ದೇನೆ.

ಪರಿಚಯದವರು ಫೋನು ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈಗಿರುವ ದೀಪ ಸಾಲುವುದಿಲ್ಲವೆಂದು ಕಾಣುತ್ತದೆ, ಯಾವುದನ್ನು ತೆಗೆದುಕೊಳ್ಳಬೇಕು? ನಾನು ಹೋಗಿ ನೋಡಿದ ಮನೆಗಳ ಪೈಕಿ ಹೆಚ್ಚಿನವುಗಳಲ್ಲಿ ದೀಪ ಸಾಕಷ್ಟು ಇತ್ತು. ಅದು ಸಸಿಯಿಂದ ಮೂರಡಿ ಮೇಲೆ ನೇತಾಡುತ್ತಿತ್ತು, ಅಥವಾ ಟೈಮರು ತಪ್ಪು ಹೊತ್ತಿಗೆ ಓಡುತ್ತಿತ್ತು, ಅಥವಾ ತೊಂದರೆ ಇದ್ದುದು ನೀರಿನಲ್ಲಿ. ಹಾಗಾಗಿ ಹೊಸ ದೀಪಕ್ಕೆ ಹಣ ತೆಗೆಯುವ ಮೊದಲು ಸಸಿ ಮತ್ತು ದೀಪ ತೋರಿಸುವ ಲಕ್ಷಣಗಳನ್ನು ಓದಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಕೈ ಹಾಕುವ ಮುನ್ನ

ನೀರು ಮತ್ತು ವಿದ್ಯುತ್ತು ಒಂದೇ ಶೆಲ್ಫಿನಲ್ಲಿರುವ ವ್ಯವಸ್ಥೆ ಇದು ಎಂಬುದನ್ನು ಒಂದು ಕ್ಷಣವೂ ಮರೆಯಬಾರದು. ದೀಪವನ್ನು ಏರಿಸುವುದಿರಲಿ, ಒರೆಸುವುದಿರಲಿ, ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡ ಮೇಲೆ ಮುಂದುವರಿಯಿರಿ. ಸಸಿಗೆ ನೀರು ಚಿಮುಕಿಸುವಾಗಲೂ ದೀಪ ಆರಿರಲಿ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲಾಗಲಿ, ಸಸಿ ಟ್ರೇಯ ಕೆಳಗಾಗಲಿ ಇಡದೆ ಗೋಡೆಗೆ ಎತ್ತರದಲ್ಲಿ ಬಿಗಿಯಿರಿ. ವಯರು ಮೇಲಿನಿಂದ ನೇರವಾಗಿ ಪ್ಲಗ್ಗಿಗೆ ಇಳಿಯಬಾರದು, ಪ್ಲಗ್ಗಿಗಿಂತ ಕೆಳಕ್ಕೆ ಒಂದು ಬಳುಕು ಕೊಟ್ಟು ಮೇಲೇರಿದರೆ ವಯರಿನುದ್ದಕ್ಕೂ ಇಳಿದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಲೋಹದ ಚೌಕಟ್ಟಿನ ದೀಪಕ್ಕೆ ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ತ್ ಇರಲೇಬೇಕು. ದೀಪವನ್ನು ವಯರಿನಿಂದಲೇ ನೇತುಹಾಕುವುದನ್ನು ಕೆಲವು ಕಡೆ ನೋಡಿದ್ದೇನೆ. ಅದರ ತೂಕಕ್ಕೆ ಒಳಗಿನ ಜೋಡಣೆ ಸಡಿಲವಾಗುವುದು ನಿಶ್ಚಯ, ಆದ್ದರಿಂದ ಸರಪಳಿ ಅಥವಾ ಗಟ್ಟಿ ಹಗ್ಗ ಬಳಸಿ.

ಇನ್ನೊಂದು ಮಾತು ಸಸಿಯನ್ನು ಪರೀಕ್ಷಿಸುವ ಬಗ್ಗೆ. ಕೆಂಪು ನೀಲಿ ಬೆರೆತು ನೇರಳೆಯಾಗಿ ಕಾಣುವ ದೀಪದಡಿಯಲ್ಲಿ ಎಲೆಯ ಬಣ್ಣ ತಿಳಿಯುವುದೇ ಇಲ್ಲ. ಹಳದಿಯೂ ಹಸಿರೂ ಒಂದೇ ತರಹ ಕಪ್ಪಾಗಿ ತೋರುತ್ತವೆ. ಅದನ್ನು ಆರಿಸಿ, ಬಿಳಿ ಬೆಳಕಿನ ಟಾರ್ಚಿನಲ್ಲಿ ಎಲೆಯ ಮೇಲ್ಭಾಗ, ಅಡಿಭಾಗ ಎರಡನ್ನೂ ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ. ಉರಿಯುವ ದೀಪವನ್ನು ನೇರವಾಗಿ ದಿಟ್ಟಿಸಿ ನೋಡಬೇಡಿ, ಮಕ್ಕಳು ಓಡಾಡುವ ಚಾವಡಿಯಾದರೆ ಬದಿಗೊಂದು ಬಿಳಿ ಬಟ್ಟೆಯ ಪರದೆ ಇರಲಿ.

ಸಸಿ ಉದ್ದಕ್ಕೆ ಬೆಳೆದು, ದಂಟು ನೂಲಿನಂತಾಗಿ, ಒಂದು ಕಡೆಗೆ ವಾಲಿದರೆ

ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ ಇದು. ಸಸಿ ಬೆಳಕನ್ನು ಹುಡುಕಿಕೊಂಡು ಹೋಗುತ್ತಿದೆ ಎಂಬುದು ಇದರ ಅರ್ಥ. ಗಂಟಿನಿಂದ ಗಂಟಿಗೆ ಅಂತರ ಹೆಚ್ಚುತ್ತದೆ, ಎಲೆ ಚಿಕ್ಕದಾಗಿ ತಿಳಿಹಸಿರಾಗುತ್ತದೆ, ಬೆರಳು ತಾಗಿದರೂ ಬಾಗುತ್ತದೆ. ಕಿಟಕಿಯ ಕಡೆಗೆ ವಾಲಿದ್ದರೆ ನಿಮ್ಮ ದೀಪಕ್ಕಿಂತ ಆ ಮಂಕು ಕಿಟಕಿಯ ಬೆಳಕೇ ಸಸಿಗೆ ಹೆಚ್ಚೆನಿಸಿದೆ ಎಂದು ತಿಳಿಯಬೇಕು.

ಮೊದಲ ಪರೀಕ್ಷೆ ಎತ್ತರದ್ದು. ಸಾಮಾನ್ಯ ಎಲ್‌ಇಡಿ ಟ್ಯೂಬ್ ಬ್ಯಾಟನ್ನುಗಳಾದರೆ ಸಸಿಯ ತುದಿಯಿಂದ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಅಂತರದಲ್ಲಿರಬೇಕು. ಹೆಚ್ಚು ಶಕ್ತಿಯ ಪ್ಯಾನೆಲ್ ಆದರೆ ಒಂದರಿಂದ ಎರಡು ಅಡಿ. ಬೆಳಕು ದೂರ ಹೋದಷ್ಟೂ ಹರಡಿ ತೆಳುವಾಗುತ್ತದೆ. ಒಂದೇ ಬಿಂದುವಿನಿಂದ ಹೊರಡುವ ಬಲ್ಬಿನ ಬೆಳಕು ಅಂತರ ಎರಡು ಪಟ್ಟಾದಾಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದದ ಟ್ಯೂಬಿನಲ್ಲೂ ಅಗಲದ ಪ್ಯಾನೆಲ್ಲಿನಲ್ಲೂ ಇಳಿಕೆ ಅಷ್ಟು ತೀವ್ರವಲ್ಲದಿದ್ದರೂ ಮೂರಡಿ ಎತ್ತರದಲ್ಲಿ ಕಟ್ಟಿದ ಟ್ಯೂಬಿನಿಂದ ಸಸಿಗೆ ಸಿಗುವುದು ಅತ್ಯಲ್ಪ. ನಮ್ಮ ಕಣ್ಣು ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಬೆಳಕಿನ ಪ್ರಖರತೆಯನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ತೆರೆದ ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಇರುತ್ತದೆ, ಚೆನ್ನಾಗಿ ಬೆಳಗಿದ ಕೋಣೆ ಕೆಲವು ನೂರು ಲಕ್ಸ್ ಮಾತ್ರ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಎರಡಕ್ಕೂ ಹೊಂದಿಕೊಳ್ಳುತ್ತದೆ, ಗಿಡಕ್ಕೆ ಆ ಸೌಕರ್ಯವಿಲ್ಲ.

ಎರಡನೆಯದು ಮೊಳಕೆಯೊಡೆದ ಹೊತ್ತು. ಟ್ರೇಗೆ ಗೋಣಿ ಮುಚ್ಚಿಟ್ಟು ಬೀಜ ಮೊಳೆತ ಮೇಲೆ ಒಂದು ದಿನ ತಡವಾಗಿ ತೆರೆದರೂ ದಂಟು ಉದ್ದವಾಗಿಬಿಡುತ್ತದೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಅದು ಗಿಡ್ಡವಾಗದು. ಮೊದಲ ಮೊಳಕೆ ಮಣ್ಣಿನ ಮೇಲೆ ಕಂಡ ದಿನವೇ ಹೊದಿಕೆ ತೆಗೆದು ದೀಪ ಹಾಕಬೇಕು. ಟೊಮೆಟೊ ಸಸಿಯಾದರೆ ಉದ್ದವಾದ ದಂಟನ್ನು ಮೊದಲ ಎಲೆಯವರೆಗೆ ಹೂತು ನೆಟ್ಟರೆ ಅಲ್ಲಿಂದಲೇ ಬೇರು ಬರುತ್ತದೆ. ಬದನೆ, ಮೆಣಸುಗಳಲ್ಲಿ ಹಾಗೆ ಆಳಕ್ಕೆ ಹೂತರೆ ಬುಡ ಕೊಳೆಯುವ ಅಪಾಯವಿರುವುದರಿಂದ ಹೊಸದಾಗಿ ಬಿತ್ತುವುದೇ ಲೇಸು.

ಮೂರನೆಯದು ಅಳತೆ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಸಸಿಯ ತುದಿಯ ಮಟ್ಟದಲ್ಲಿ ಮುಖ ಮೇಲಾಗಿ ಇಟ್ಟು ನೋಡಿ. ಫೋನಿನಿಂದ ಫೋನಿಗೆ ಲೆಕ್ಕ ವ್ಯತ್ಯಾಸವಾಗುತ್ತದೆ, ಆದರೆ ಒಂದೇ ಫೋನಿನಲ್ಲಿ ಎರಡು ಜಾಗಗಳನ್ನು ಹೋಲಿಸಲು ಧಾರಾಳವಾಗಿ ಸಾಕು. ಗಿಡ ಉಪಯೋಗಿಸುವ ಬೆಳಕು 400ರಿಂದ 700 ನ್ಯಾನೋಮೀಟರ್ ನಡುವಿನದು, ಅದನ್ನು ಒಂದು ಚದರ ಮೀಟರಿಗೆ ಸೆಕೆಂಡಿಗೆ ಬೀಳುವ ಮೈಕ್ರೋಮೋಲ್‌ಗಳಲ್ಲಿ, ಅಂದರೆ ಬೆಳಕಿನ ಕಣಗಳ ಲೆಕ್ಕದಲ್ಲಿ, ಎಣಿಸುತ್ತಾರೆ. ಬಿಳಿ ಎಲ್‌ಇಡಿಯಾದರೆ ಲಕ್ಸ್ ಸಂಖ್ಯೆಯನ್ನು ಸುಮಾರು 70ರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ತರಕಾರಿ ಸಸಿಗೆ ಮತ್ತು ಹರಿವೆ, ಕೊತ್ತಂಬರಿ, ಪಾಲಕ್‌ನಂತಹ ಸೊಪ್ಪಿಗೆ ಸುಮಾರು 200 ಮೈಕ್ರೋಮೋಲ್, ಅಂದರೆ 14,000 ಲಕ್ಸ್ ಆಸುಪಾಸು ಇದ್ದರೆ ಚೆನ್ನ. ನೇರಳೆ ದೀಪಕ್ಕೆ ಈ ಭಾಗಾಕಾರ ನಡೆಯುವುದಿಲ್ಲ, ಏಕೆಂದರೆ ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ, ಕೆಂಪು ನೀಲಿಗಳನ್ನು ಅದು ಕಡಿಮೆಯಾಗಿಯೇ ತೋರಿಸುತ್ತದೆ.

ಅಳತೆ ಕಡಿಮೆ ಬಂದರೆ ಮೊದಲು ದೀಪವನ್ನು ಇಳಿಸಿ. ಬೆಳಕನ್ನು ಏರಿಳಿಸುವ ಡಿಮ್ಮರ್ ತಿರುಪು ಇದ್ದರೆ ಅದು ಎಲ್ಲಿದೆಯೆಂದು ನೋಡಿ. ಹಿಂದಿನ ವರ್ಷ ಕಡಿಮೆ ಮಾಡಿಟ್ಟದ್ದು ಹಾಗೆಯೇ ಉಳಿದಿರುತ್ತದೆ. ಆಮೇಲೆ ಒಣಬಟ್ಟೆಯಿಂದ ದೀಪದ ಮುಖ ಒರೆಸಿ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಧೂಳು ಅಂಟಿಕೊಂಡು, ಅದರ ಮೇಲೆ ಬೂಷ್ಟು ಹಿಡಿದು, ಗಾಜು ಮಂಕಾಗುತ್ತದೆ. ಶೆಲ್ಫಿನ ಹಿಂದೆ ಸುಣ್ಣ ಬಳಿದ ಬಿಳಿ ಗೋಡೆಯೋ, ಬದಿಗೆ ಬಿಳಿ ರಟ್ಟೋ ಇದ್ದರೆ ಹೊರಗೆ ಚೆದುರಿ ಹೋಗುವ ಬೆಳಕು ಮತ್ತೆ ಸಸಿಗೆ ತಿರುಗುತ್ತದೆ. ಈ ಬದಲಾವಣೆಗಳ ಫಲವನ್ನು ಹೊಸದಾಗಿ ಬರುವ ಎಲೆಯಲ್ಲಿ ಹುಡುಕಬೇಕು. ಅದಕ್ಕೆ ನಾಲ್ಕೈದು ದಿನ ಕಾಯದೆ ಮತ್ತೊಂದನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಮೇಲಿನ ಎಲೆ ಬಿಳಿಚಿಕೊಂಡು, ಅಂಚು ಮೇಲಕ್ಕೆ ಮಡಚಿದರೆ

ಇದು ಹೆಚ್ಚಾದ ಬೆಳಕಿನ ಅಥವಾ ಹೆಚ್ಚಾದ ಶಾಖದ ಲಕ್ಷಣ, ದೀಪ ಸಾಲದು ಎಂದು ತಪ್ಪಾಗಿ ತಿಳಿದುಕೊಂಡು ಇನ್ನೂ ಹತ್ತಿರ ತಂದರೆ ಮತ್ತಷ್ಟು ಕೆಡುತ್ತದೆ. ದೀಪಕ್ಕೆ ಅತ್ಯಂತ ಹತ್ತಿರವಿರುವ ಎಲೆ ಮಾತ್ರ ಬಿಳಿಯಾಗಿ, ಅದರ ನೆರಳಿನ ಎಲೆ ಹಸಿರಾಗಿಯೇ ಇದ್ದರೆ ಸಂಶಯವೇ ಬೇಡ. ಅಂಗೈಯ ಹಿಂಬದಿಯನ್ನು ಸಸಿಯ ತುದಿಯ ಮಟ್ಟದಲ್ಲಿ ಅರ್ಧ ನಿಮಿಷ ಹಿಡಿಯಿರಿ. ಬಿಸಿಯೆನಿಸಿದರೆ ಸಸಿಗೂ ಬಿಸಿ. ಬಿಸಿಯೆನಿಸದೆಯೂ ಎಲೆ ಬಿಳಿಚಿದರೆ ಬೆಳಕೇ ಹೆಚ್ಚು ಎಂದರ್ಥ, ಎಲ್‌ಇಡಿಯಲ್ಲಿ ಶಾಖವಿಲ್ಲದೆಯೂ ಎಲೆ ಸುಡಬಲ್ಲದು. ದೀಪವನ್ನು ನಾಲ್ಕು ಬೆರಳು ಮೇಲೇರಿಸಿ ಅಥವಾ ಡಿಮ್ಮರ್ ಇಳಿಸಿ. ಬಿಳಿಯಾದ ಎಲೆ ಮತ್ತೆ ಹಸಿರಾಗದು, ಹೊಸ ಎಲೆ ಸರಿಯಾಗಿ ಬಂದರೆ ಸಾಕು.

ಟೊಮೆಟೊ ಬೆಳೆಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಬೇಗ ಬೆಳೆಯುತ್ತದೆಂದು ದಿನದ 24 ಗಂಟೆಯೂ ದೀಪ ಉರಿಸಿದರೆ ಟೊಮೆಟೊ ಎಲೆಯಲ್ಲಿ ಹಳದಿ ಮಚ್ಚೆಗಳು ಬಂದು ಗಿಡ ಕುಂದುತ್ತದೆ. ಸಸಿಗೆ ಕತ್ತಲೆಯೂ ಬೇಕು. 14ರಿಂದ 16 ಗಂಟೆ ಬೆಳಕು, ಉಳಿದದ್ದು ಕತ್ತಲೆ, ಈ ಕ್ರಮ ಹೆಚ್ಚಿನ ತರಕಾರಿ ಸಸಿಗಳಿಗೆ ಒಗ್ಗುತ್ತದೆ.

ಹಳದಿ ಕೆಳಗಿನಿಂದ ಏರಿದರೆ, ಅಥವಾ ಸಸಿ ಬುಡದಲ್ಲೇ ಮುರಿದು ಬಿದ್ದರೆ

ಇವೆರಡೂ ಸಾಮಾನ್ಯವಾಗಿ ದೀಪದ ದೋಷವಲ್ಲ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ, ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾದರೆ ಮೆಗ್ನೀಸಿಯಮ್, ಅದೇ ನಮೂನೆ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣ. ಬರಿಯ ತೆಂಗಿನ ನಾರಿನ ಹುಡಿಯಲ್ಲಿ ಬಿತ್ತಿ ಗೊಬ್ಬರ ಕೊಡದೆ ಮೂರು ವಾರ ಬಿಟ್ಟರೆ ಮೊದಲನೆಯದು ಬಂದೇ ಬರುತ್ತದೆ. ಮಣ್ಣಿನ ಮಟ್ಟದಲ್ಲಿ ದಂಟು ನೀರುನೀರಾಗಿ ಕಂದಿ ಸಸಿ ಮಲಗಿದರೆ ಅದು ಬುಡ ಕೊಳೆಯುವ ಶಿಲೀಂಧ್ರ ರೋಗ, ಆಟಿಯ ತೇವದಲ್ಲಿ ಒಂದು ರಾತ್ರಿಯಲ್ಲಿ ಅರ್ಧ ಟ್ರೇಯನ್ನು ತೆಗೆಯಬಲ್ಲದು. ನೀರು ಕಡಿಮೆ ಮಾಡಿ, ಸಣ್ಣ ಫ್ಯಾನೊಂದನ್ನು ಮಂದಗತಿಯಲ್ಲಿ ಬೀಸಲು ಬಿಡಿ, ಸತ್ತ ಸಸಿಗಳನ್ನು ಮಣ್ಣುಸಹಿತ ತೆಗೆದುಹಾಕಿ. ಎರಡನೇ ಬಿತ್ತನೆಯಲ್ಲೂ ಹೀಗಾದರೆ ಅಥವಾ ಎಲೆಯ ಬಣ್ಣದಿಂದ ಏನೆಂದು ತಿಳಿಯದಿದ್ದರೆ ಎರಡು ಸಸಿಗಳನ್ನು ಬೇರುಸಹಿತ ಕಿತ್ತು ನಿಮ್ಮ ಪಂಚಾಯತಿನ ಕೃಷಿ ಭವನಕ್ಕೆ ತೆಗೆದುಕೊಂಡು ಹೋಗಿ. ಜಿಲ್ಲೆಯ ತೆಂಕು ಭಾಗದವರಿಗೆ ಪಡನ್ನಕ್ಕಾಡಿನ ಕೃಷಿ ಕಾಲೇಜೂ ಪಿಲಿಕ್ಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರವೂ ಹತ್ತಿರ.

ಗಿಡ ಆರೋಗ್ಯವಾಗಿದ್ದೂ ಹೂವಿನ ಹೊತ್ತು ತಪ್ಪಿದರೆ

ಜಗಲಿಯ ಸೇವಂತಿಗೆ ಗಿಡ ಹುಲುಸಾಗಿ ಬೆಳೆದರೂ ಮೊಗ್ಗು ಬಿಡಲಿಲ್ಲವೆಂದು ನನ್ನ ಅತ್ತಿಗೆಯವರು ಎರಡು ತಿಂಗಳು ಗೊಬ್ಬರ ಬದಲಿಸುತ್ತಲೇ ಇದ್ದರು. ಗೊಬ್ಬರದಲ್ಲಿ ಏನೂ ಕೊರತೆ ಇರಲಿಲ್ಲ. ಒಳಗಿನ ಶೆಲ್ಫಿನ ಗ್ರೋ ಲೈಟ್ ರಾತ್ರಿ ಹನ್ನೊಂದರವರೆಗೆ ಉರಿಯುತ್ತಿತ್ತು, ಅದರ ಬೆಳಕು ಕಿಟಕಿಯ ಸರಳುಗಳ ನಡುವೆ ಜಗಲಿಗೆ ಬೀಳುತ್ತಿತ್ತು. ಸೇವಂತಿಗೆಗೆ ಮೊಗ್ಗು ಬರಬೇಕಾದರೆ ಅಡ್ಡಿಯಿಲ್ಲದ ಉದ್ದನೆಯ ರಾತ್ರಿ ಬೇಕು, ನಡುವೆ ಮಂದ ಬೆಳಕು ಬಿದ್ದರೂ ಗಿಡ ಅದನ್ನು ಹಗಲೆಂದೇ ಎಣಿಸುತ್ತದೆ. ಬಸಳೆಯದೂ ಇದೇ ಸ್ವಭಾವ. ಹಗಲು 13 ಗಂಟೆಗಿಂತ ಉದ್ದವಾದರೆ ಅದು ಹೂ ಬಿಡದೆ ಚಿಗುರುತ್ತಲೇ ಇರುತ್ತದೆ, ಸೊಪ್ಪಿಗಾಗಿ ಬೆಳೆಯುವವರಿಗೆ ಇದು ಲಾಭವೇ. ಪಾಲಕ್‌ನದು ತಿರುಗಮುರುಗ, ಹಗಲು ಉದ್ದವಾದಂತೆ ಬೇಗ ಹೂದಂಟು ಎಬ್ಬಿಸಿ ಎಲೆ ಕಹಿಯಾಗುತ್ತದೆ, ಅದಕ್ಕೆ 12 ಗಂಟೆಯಷ್ಟೇ ಸಾಕು.

ಹೀಗಾದಾಗ ಟೈಮರನ್ನು ನೋಡಿ. ಹಲ್ಲುಗಳನ್ನು ಒತ್ತಿ ಹೊತ್ತು ನಿಗದಿ ಮಾಡುವ ಅಗ್ಗದ ಯಾಂತ್ರಿಕ ಟೈಮರು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನಿನ ಮೇಲೆ ಮರ ಬಿದ್ದು ಆರು ಗಂಟೆ ಕರೆಂಟು ಇರದಿದ್ದರೆ ಅದರ ಗಡಿಯಾರ ಆರು ಗಂಟೆ ಹಿಂದೆ ಬೀಳುತ್ತದೆ, ಬೆಳಗ್ಗೆ ಹತ್ತಬೇಕಾದ ದೀಪ ಮಧ್ಯಾಹ್ನ ಹತ್ತಿ ನಡುರಾತ್ರಿಯವರೆಗೆ ಉರಿಯುತ್ತದೆ. ನಮ್ಮ ಮಳೆಗಾಲಕ್ಕೆ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರೇ ಸರಿ. ಹಳೆಯದೇ ಇರುವುದಾದರೆ ಕರೆಂಟು ಬಂದಾಗಲೆಲ್ಲ ತಿರುಗಿಸಿ ಹೊಂದಿಸುವ ಅಭ್ಯಾಸ ಮಾಡಿಕೊಳ್ಳಿ.

ನಡುವಿನ ಸಸಿ ಚೆನ್ನಾಗಿದ್ದು ಅಂಚಿನವು ಸೊರಗಿದರೆ

ಫೋನಿನ ಲಕ್ಸ್ ಮಾಪನವನ್ನು ಟ್ರೇಯ ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಮಾಡಿ ಚೀಟಿಯಲ್ಲಿ ಬರೆದುಕೊಳ್ಳಿ. ಮೂಲೆಯಲ್ಲಿ ನಡುವಿನ ಅರ್ಧಕ್ಕಿಂತಲೂ ಕಡಿಮೆಯಿದ್ದರೆ ದೀಪದ ಆಕಾರ ನಿಮ್ಮ ಶೆಲ್ಫಿಗೆ ಹೊಂದುತ್ತಿಲ್ಲ ಎಂದರ್ಥ. ಎರಡು ದಿನಕ್ಕೊಮ್ಮೆ ಟ್ರೇಗಳನ್ನು ಸ್ಥಳ ಬದಲಿಸಿದರೆ ಈ ವರ್ಷಕ್ಕೆ ಸುಧಾರಿಸಬಹುದು. ಮುಂದಿನ ಸಲ ಚೌಕದ ಒಂದು ಪ್ಯಾನೆಲ್ಲಿನ ಬದಲು ಉದ್ದನೆಯ ಎರಡು ಪಟ್ಟಿ ದೀಪಗಳನ್ನು ಹಾಕುವುದು ಜಾಣತನ.

ದೀಪ ಮಿನುಗಿದರೆ, ಅರ್ಧ ಮಾತ್ರ ಉರಿದರೆ, ಆರಿಸಿದರೂ ಮಂದವಾಗಿ ಹೊಳೆದರೆ

ಇಲ್ಲಿಂದ ಮುಂದೆ ದೋಷ ದೀಪದಲ್ಲಿಯೋ ಮನೆಯ ವಯರಿಂಗಿನಲ್ಲಿಯೋ ಇರುತ್ತದೆ. ಮಿನುಗುವ ದೀಪವನ್ನು ಮೊದಲು ಬೇರೆ ಕೋಣೆಯ ಬೇರೆ ಪ್ಲಗ್ಗಿಗೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ಉರಿದರೆ ಹಳೆಯ ಪ್ಲಗ್ ಪಾಯಿಂಟ್ ಸಡಿಲವಾಗಿದೆ. ಅದರ ತೂತುಗಳ ಸುತ್ತ ಕಂದು ಬಣ್ಣ ಕಂಡರೆ ಅಥವಾ ಸುಟ್ಟ ವಾಸನೆ ಬಂದರೆ ಆ ಪಾಯಿಂಟನ್ನು ಮತ್ತೆ ಬಳಸಬೇಡಿ. ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ಮಿನುಗಿದರೆ ವೋಲ್ಟೇಜು ಇಳಿಯುತ್ತಿದೆ. 230 ವೋಲ್ಟ್ ಬರಬೇಕಾದಲ್ಲಿ ಲೈನಿನ ತುದಿಯ ಮನೆಗಳಿಗೆ ಅದು ಸಿಗುವುದಿಲ್ಲ. ಟೈಮರನ್ನು ಬೆಳಗ್ಗೆ ನಾಲ್ಕಕ್ಕೆ ಆರಂಭವಾಗಿ ಸಂಜೆ ಆರಕ್ಕೆ ಮುಗಿಯುವಂತೆ ಇಟ್ಟರೆ ಖರ್ಚಿಲ್ಲದೆ ತೊಂದರೆ ತಪ್ಪುತ್ತದೆ. ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ದೀಪ ಗುಂಯ್‌ಗುಟ್ಟಿದರೆ ಆ ಇನ್ವರ್ಟರಿನ ಅಲೆ ಶುದ್ಧ ಸೈನ್ ಅಲೆಯಲ್ಲ ಎಂದು ತಿಳಿಯಿರಿ. ಕರೆಂಟು ಹೋದಾಗ ಗ್ರೋ ಲೈಟನ್ನು ಇನ್ವರ್ಟರಿಗೆ ಹಾಕುವ ಅಗತ್ಯವೂ ಇಲ್ಲ, ಸಸಿ ಒಂದು ದಿನದ ಮಬ್ಬನ್ನು ತಡೆದುಕೊಳ್ಳುತ್ತದೆ. ಕಣ್ಣಿಗೆ ಸ್ಥಿರವಾಗಿ ಕಾಣುವ ದೀಪ ಮೊಬೈಲ್ ಕ್ಯಾಮರಾದಲ್ಲಿ ಪಟ್ಟೆಪಟ್ಟೆಯಾಗಿ ಕಂಡರೆ ಸಸಿಯ ಮಟ್ಟಿಗೆ ಅದು ದೋಷವಲ್ಲ.

ಪ್ಯಾನೆಲ್ಲಿನ ಒಂದು ಸಾಲು ಪೂರ್ತಿ ಆರಿದ್ದರೆ ಕಾರಣ ಸರಳ. ಎಲ್‌ಇಡಿಗಳನ್ನು ಮಾಲೆಯಂತೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಒಂದು ಕೆಟ್ಟು ದಾರಿ ಕಡಿದರೆ ಆ ಮಾಲೆ ಪೂರ್ತಿ ಆರುತ್ತದೆ. ಪ್ಲಗ್ ಕಿತ್ತು ಟಾರ್ಚಿನಲ್ಲಿ ನೋಡಿದರೆ ಆ ಒಂದರ ಹಳದಿ ಮುಖದ ನಡುವೆ ಕಪ್ಪು ಚುಕ್ಕೆ ಕಾಣುವುದುಂಟು. ಎಲ್ಲ ಎಲ್‌ಇಡಿಗಳೂ ಒಟ್ಟಿಗೆ ಹತ್ತಿ ಆರುತ್ತಿದ್ದರೆ, ಅಥವಾ ಹತ್ತಿ ಕೆಲವು ನಿಮಿಷಗಳ ಮೇಲೆ ಆರಿದರೆ, ಸಂಶಯ ಡ್ರೈವರಿನ ಮೇಲೆ, ಅಂದರೆ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಮಾರ್ಪಡಿಸುವ ಪೆಟ್ಟಿಗೆಯ ಮೇಲೆ. ಅದರೊಳಗಿನ ಕೆಪಾಸಿಟರುಗಳು ಶಾಖಕ್ಕೆ ಬೇಗ ಸಾಯುತ್ತವೆ. ಶಾಖ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕೆಲಸದವರ ಸ್ಥೂಲ ಲೆಕ್ಕ. ಹಾಗಾಗಿ ಡ್ರೈವರನ್ನು ದೀಪದ ಬೆನ್ನಿನಿಂದ ಬಿಡಿಸಿ ಗಾಳಿಯಾಡುವ ಕಡೆ ಗೋಡೆಗೆ ಹಾಕಿಸಿಕೊಂಡರೆ ಹೆಚ್ಚು ಕಾಲ ಬಾಳುತ್ತದೆ. ಬದಲಿಸುವಾಗ ವ್ಯಾಟ್ ಒಂದೇ ಇದ್ದರೆ ಸಾಲದು, ಹೊರಬರುವ ವೋಲ್ಟೇಜಿನ ವ್ಯಾಪ್ತಿ ಮತ್ತು ಮಿಲಿಆಂಪಿಯರ್ ಎರಡೂ ಹಳೆಯದರ ಚೀಟಿಯಲ್ಲಿದ್ದಂತೆಯೇ ಇರಬೇಕು.

ಇಲ್ಲಿ ಒಂದು ಪ್ರಾಣಾಪಾಯದ ವಿಷಯವಿದೆ. ಅಗ್ಗದ ಹಲವು ಪ್ಯಾನೆಲ್ಲುಗಳಲ್ಲಿ ಬೇರೆ ಡ್ರೈವರ್ ಪೆಟ್ಟಿಗೆಯೇ ಇರುವುದಿಲ್ಲ. ಮನೆಯ 230 ವೋಲ್ಟಿನ ವಯರು ನೇರವಾಗಿ ಎಲ್‌ಇಡಿ ಹಲಗೆಗೇ ಬಂದು ಸೇರುತ್ತದೆ, ಎಲ್‌ಇಡಿಗಳ ನಡುವೆ ಪುಟ್ಟ ಕಪ್ಪು ಚಿಪ್ಪುಗಳು ಕಾಣುತ್ತವೆ. ಇಂತಹ ಹಲಗೆಯ ಯಾವ ಬೆಸುಗೆಯನ್ನು ಮುಟ್ಟಿದರೂ ಗೋಡೆಯ ಪ್ಲಗ್ಗಿನೊಳಗೆ ಬೆರಳಿಟ್ಟಂತೆಯೇ. ಇದರ ಮುಂಭಾಗದ ಹೊದಿಕೆ ಒಡೆದಿದ್ದರೆ ದುರಸ್ತಿಗೆ ಹೋಗದೆ ಎಸೆದುಬಿಡಿ, ತೇವದ ಕೋಣೆಗೆ ಇಂತಹದನ್ನು ಕೊಳ್ಳಲೂ ಬೇಡಿ.

ಸ್ವಿಚ್ ಆರಿಸಿದ ಮೇಲೂ ದೀಪ ಮಿಣುಕಾಗಿ ಹೊಳೆಯುತ್ತಿದ್ದರೆ ಎರಡು ಕಾರಣಗಳು ಸಾಧ್ಯ. ಸ್ವಿಚ್ಚಿನಲ್ಲೇ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಅತ್ಯಲ್ಪ ಕರೆಂಟು ಕಾರಣವಾಗಿರಬಹುದು, ಅದರಿಂದ ಹಾನಿಯಿಲ್ಲ. ಇಂಡಿಕೇಟರ್ ಇಲ್ಲದಿದ್ದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿನಲ್ಲಿ ಹಾಕಿರುವ ಸಾಧ್ಯತೆ ಇದೆ, ಆಗ ಆರಿದ ದೀಪದಲ್ಲೂ ಫೇಸ್ ನಿಂತಿರುತ್ತದೆ. ಇದನ್ನು ಲೈಸೆನ್ಸ್ ಇರುವ ವಯರ್‌ಮನ್ ಸರಿಪಡಿಸಬೇಕು, ಅಲ್ಲಿಯವರೆಗೆ ಪ್ಲಗ್ ಕಿತ್ತಿಡಿ.

ಇಎಲ್‌ಸಿಬಿ ಬಿದ್ದರೆ

ದೀಪ ಹಾಕಿದ ಕೂಡಲೇ, ಕರೆಂಟು ಸೋರಿದಾಗ ಲೈನು ಕಡಿಯುವ ಸ್ವಿಚ್ಚಾದ ಇಎಲ್‌ಸಿಬಿ ಬಿದ್ದರೆ ಕರೆಂಟು ಹೋಗಬಾರದ ದಾರಿಯಲ್ಲಿ, ಅಂದರೆ ಲೋಹದ ಚೌಕಟ್ಟಿನ ಮೂಲಕವೋ ತೇವದ ಮೂಲಕವೋ, ಭೂಮಿಗೆ ಸೋರುತ್ತಿದೆ. ಮನೆಗಳಲ್ಲಿ ಹಾಕುವ ಉಪಕರಣ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುತ್ತದೆ, ಮನುಷ್ಯನ ಜೀವ ಉಳಿಸಲು ಇಟ್ಟ ಮಿತಿ ಅದು. ಅದನ್ನು ಮತ್ತೆ ಮತ್ತೆ ಎತ್ತುವುದು, ಎಲ್ಲಕ್ಕಿಂತ ಕೆಟ್ಟದಾಗಿ ಅದನ್ನು ತಪ್ಪಿಸಿ ನೇರ ಲೈನ್ ಕೊಡುವುದು, ಎಂದಿಗೂ ಕೂಡದು. ದೀಪ, ಫ್ಯಾನು, ಟೈಮರು ಎಲ್ಲವನ್ನೂ ಕಿತ್ತು, ಇಎಲ್‌ಸಿಬಿ ಎತ್ತಿ, ಒಣಕೈಯಿಂದ ಒಂದೊಂದಾಗಿ ಹಾಕಿ ನೋಡಿದರೆ ಯಾವುದರಿಂದ ಬೀಳುತ್ತದೆಂದು ತಿಳಿಯುತ್ತದೆ. ಏನೂ ಹಾಕದೆಯೂ ಬಿದ್ದರೆ ದೋಷ ವಯರಿಂಗಿನಲ್ಲಿದೆ, ಅಲ್ಲಿಗೆ ನಿಲ್ಲಿಸಿ ವಯರ್‌ಮನ್‌ನನ್ನು ಕರೆಯಿರಿ. ನಮ್ಮ ಮನೆಯಲ್ಲಿ ಒಮ್ಮೆ ಹೀಗಾದಾಗ ಬಿಚ್ಚಿಸಿ ನೋಡಿದರೆ ಡ್ರೈವರಿನ ಪೆಟ್ಟಿಗೆಯೊಳಗೆ ಇರುವೆಗಳು ಮಣ್ಣು ತುಂಬಿ ಗೂಡು ಕಟ್ಟಿದ್ದವು, ಆ ಮಣ್ಣು ತೇವ ಹಿಡಿದಿತ್ತು. ಹಲ್ಲಿ ನುಗ್ಗಿ ಸತ್ತು ಶಾರ್ಟ್ ಆದುದನ್ನೂ ಕಂಡಿದ್ದೇನೆ. ವಯರು ಒಳಹೋಗುವ ತೂತನ್ನು ರಬ್ಬರಿನ ಬಿರಡೆಯಿಂದ ಮುಚ್ಚಿಸುವುದು ಸಣ್ಣ ಕೆಲಸ, ಮರೆಯಬೇಡಿ. ತಿಂಗಳಿಗೊಮ್ಮೆ ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದೂ ನೋಡಿ.

ಮುಟ್ಟಿದಾಗ ಜುಮ್ಮೆನ್ನುವ ಚೌಕಟ್ಟು, ಹೊಗೆ, ಸುಟ್ಟ ವಾಸನೆ, ಕರಗಿದ ಪ್ಲಗ್, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಪರೀಕ್ಷೆ ಬೇಡ. ಮೇನ್ ಸ್ವಿಚ್ ಆರಿಸಿ, ತಿಳಿದವರು ಬರುವವರೆಗೆ ಹಾಗೆಯೇ ಬಿಡಿ. ತುಲಾ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಕಟ್ಟಿ ಬರುವಾಗ ಟೈಮರನ್ನು ನಂಬಿ ಕೂರದೆ ಪ್ಲಗ್ ಕಿತ್ತಿಡುವುದು ಡ್ರೈವರನ್ನು ಉಳಿಸುವ ಅತಿ ಅಗ್ಗದ ಉಪಾಯ. ಆದರೆ ಮಿಂಚು ತಲೆಯ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ, ಮೋಡ ಕಪ್ಪಾಗುವಾಗಲೇ ಆ ಕೆಲಸ ಮುಗಿದಿರಲಿ.

ಎಲ್ಲ ನೋಡಿದ ಮೇಲೂ ಬೆಳಕು ಸಾಲದಿದ್ದರೆ

ಈಗ ಮಾತ್ರ ಹೊಸ ದೀಪದ ಮಾತು. ಅದಕ್ಕೂ ಮೊದಲು ಈಗಿರುವ ದೀಪ ನಿಜವಾಗಿ ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡಿ, ಏಕೆಂದರೆ ಡಬ್ಬಿಯ ಮೇಲೆ 1000 ವ್ಯಾಟ್ ಎಂದು ಬರೆದ ಎಷ್ಟೋ ದೀಪಗಳು 100 ವ್ಯಾಟಿನ ಆಸುಪಾಸಿನಲ್ಲಿ ಓಡುತ್ತವೆ. ಮನೆಯ ಎಲೆಕ್ಟ್ರಾನಿಕ್ ಮೀಟರೇ ಇದಕ್ಕೆ ಸಾಕು. ಅದರ ಮುಖದಲ್ಲಿ ಒಂದು ಯುನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದ್ದರೆ, ಮನೆಯ ಉಳಿದೆಲ್ಲವನ್ನೂ ಆರಿಸಿ ಗ್ರೋ ಲೈಟ್ ಮಾತ್ರ ಉರಿಸಿದಾಗ ಮೀಟರಿನ ಕೆಂಪು ದೀಪ ಸುಮಾರು 11 ಸೆಕೆಂಡಿಗೊಮ್ಮೆ ಮಿನುಗಿದರೆ ಅದು 100 ವ್ಯಾಟಿನ ದೀಪ. 22 ಸೆಕೆಂಡಿಗೊಮ್ಮೆಯಾದರೆ 50.

ಆಮೇಲೆ ನಿಮ್ಮ ಶೆಲ್ಫಿನ ಲೆಕ್ಕ. ಎರಡಡಿ ಅಗಲ ನಾಲ್ಕಡಿ ಉದ್ದದ ಒಂದು ತಟ್ಟು ಸುಮಾರು 0.74 ಚದರ ಮೀಟರ್. ಚದರ ಮೀಟರಿಗೆ 200 ಮೈಕ್ರೋಮೋಲ್ ಬೇಕೆಂದಾದರೆ ಸಸಿಯ ಮಟ್ಟದಲ್ಲಿ 148 ಬೀಳಬೇಕು, ಐದನೇ ಒಂದು ಭಾಗ ಹೊರಗೆ ಚೆದುರುತ್ತದೆಂದು ಎಣಿಸಿದರೆ ದೀಪದಿಂದ 185 ಹೊರಡಬೇಕು. ಪೇಟೆಯಲ್ಲಿ ಸಿಗುವ 20 ವ್ಯಾಟಿನ, 2000 ಲ್ಯೂಮೆನ್ ಕೊಡುವ ನಾಲ್ಕಡಿ ಬ್ಯಾಟನ್ ಒಂದರಿಂದ, ಮೇಲೆ ಹೇಳಿದ 70ರ ಭಾಗಾಕಾರವನ್ನೇ ಮಾಡಿದರೆ, ಸುಮಾರು 28 ಮಾತ್ರ ಹೊರಡುತ್ತದೆ, ಆದ್ದರಿಂದ ಆರೇಳು ಬ್ಯಾಟನ್ನುಗಳು, ಅಂದರೆ 130 ವ್ಯಾಟಿನಷ್ಟು ಬೇಕು. ಒಂದು ಜೂಲಿಗೆ, ಅಂದರೆ ಒಂದು ವ್ಯಾಟ್ ಒಂದು ಸೆಕೆಂಡು ಉರಿದಾಗ, 2.5 ಮೈಕ್ರೋಮೋಲ್ ಕೊಡುವ ಒಳ್ಳೆಯ ಗ್ರೋ ಲೈಟಾದರೆ ಅದೇ ಕೆಲಸಕ್ಕೆ 74 ವ್ಯಾಟ್ ಸಾಕು. ವ್ಯಾಟ್ ಎಷ್ಟೆಂದು ಕೇಳುವ ಬದಲು ಈ ಜೂಲಿನ ಲೆಕ್ಕ ಎಷ್ಟೆಂದು ಮಾರುವವರನ್ನು ಕೇಳಿ, ಹೇಳಲಾಗದವರ ದೀಪವನ್ನು ನಾನಂತೂ ಕೊಳ್ಳುವುದಿಲ್ಲ. ವರ್ಷಕ್ಕೆ ಎರಡು ತಿಂಗಳು ಸಸಿ ಮಾಡುವವರಿಗೆ ಬ್ಯಾಟನ್ನುಗಳೇ ಲಾಭ, ಕೆಟ್ಟರೆ ಕುಂಬಳೆ ಪೇಟೆಯಲ್ಲೇ ಇನ್ನೊಂದು ಸಿಗುತ್ತದೆ. ವರ್ಷವಿಡೀ ಸೊಪ್ಪು ಬೆಳೆಯುವವರಿಗೆ ಒಳ್ಳೆಯ ದೀಪದ ಹೆಚ್ಚುವರಿ ಬೆಲೆ ಕರೆಂಟು ಬಿಲ್ಲಿನಲ್ಲಿ ಹಿಂತಿರುಗುತ್ತದೆ. 130 ವ್ಯಾಟನ್ನು ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 55 ಯುನಿಟ್, 74 ವ್ಯಾಟಿಗೆ 31. ಬಳಕೆ ಏರಿದಂತೆ ದರವೂ ಏರುವ ನಮ್ಮ ಬಿಲ್ಲಿನಲ್ಲಿ, ಅದೂ ಎರಡು ತಿಂಗಳಿಗೊಮ್ಮೆ ಬರುವಾಗ, ಈ ವ್ಯತ್ಯಾಸ ಚೆನ್ನಾಗಿಯೇ ತಾಗುತ್ತದೆ.

ಬಣ್ಣದ ವಿಷಯದಲ್ಲಿ ಗೊಂದಲ ಬೇಡ. 450 ನ್ಯಾನೋಮೀಟರಿನ ನೀಲಿಯೂ 660ರ ಕೆಂಪೂ ಗಿಡಕ್ಕೆ ಹೆಚ್ಚು ಪ್ರಯೋಜನವೆಂಬುದು ನಿಜ, ಆದರೆ ಬಿಳಿ ಎಲ್‌ಇಡಿಯಲ್ಲಿ ಎರಡೂ ಇವೆ, ಜೊತೆಗೆ ಎಲೆಯ ರೋಗವೂ ಹುಳವೂ ಕಣ್ಣಿಗೆ ಕಾಣುತ್ತವೆ. ಮನೆಯ ಬಳಕೆಗೆ ಬಿಳಿಯದೇ ಸಾಕು. ನಮ್ಮ ತೇವಕ್ಕೆ ಐಪಿ 65 ಎಂದು ನಮೂದಿಸಿದ್ದನ್ನು ಆರಿಸಿ, ಧೂಳು ಒಳಹೋಗದು, ನೀರಿನ ಎರಚಲನ್ನೂ ತಡೆಯುತ್ತದೆ ಎಂದು ಅದರರ್ಥ. ಹಳೆಯ ಸಿಎಫ್‌ಎಲ್, ಸೋಡಿಯಂ ದೀಪಗಳನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ, ಅವುಗಳಲ್ಲಿ ಪಾದರಸವಿದೆ, ಸೋಡಿಯಂ ದೀಪದ ಶಾಖವಂತೂ ಚಾವಡಿಗೆ ತಕ್ಕುದಲ್ಲ.

ಗ್ರೋ ಲೈಟುಗಳ ಡಬ್ಬಿಯಲ್ಲಿ ಬರುವ ಕೋಷ್ಟಕಗಳೂ ಇಂಟರ್‌ನೆಟ್ಟಿನಲ್ಲಿ ಸಿಗುವ ಹೆಚ್ಚಿನ ಸಲಹೆಗಳೂ ಗಾಂಜಾ ಬೆಳೆಯಲು ಅನುಮತಿ ಇರುವ ದೇಶಗಳ ಬೆಳೆಗಾರರಿಗಾಗಿ ಬರೆದವು ಎಂಬುದನ್ನೂ ಹೇಳಲೇಬೇಕು. ನಮ್ಮಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಮನೆಯಲ್ಲಿ ಒಂದು ಗಿಡ ಬೆಳೆಸುವುದೂ ಅಪರಾಧ. ಅದಿರಲಿ, ಆ ಕೋಷ್ಟಕಗಳ ಅಂಕಿಗಳು ತರಕಾರಿ ಸಸಿಗೆ ಹೊಂದುವುದೂ ಇಲ್ಲ. ಹೂವಿನ ಹಂತಕ್ಕೆ 600ರಿಂದ 1000 ಮೈಕ್ರೋಮೋಲ್ ಎಂದು ಅಲ್ಲಿ ಬರೆದಿರುವುದನ್ನು ನೋಡಿ ಹರಿವೆಯ ಮೇಲೆ ಪ್ಯಾನೆಲ್ಲನ್ನು ಪೂರ್ತಿ ಉರಿಸಿದವರ ಟ್ರೇಯೇ ನಾನು ಮೇಲೆ ಹೇಳಿದ ಬಿಳಿಚಿದ ಎಲೆಗಳದ್ದಾಗಿತ್ತು. ಕೆಲವು ದೀಪಗಳಲ್ಲಿರುವ ಬೆಳವಣಿಗೆ, ಹೂವು ಎಂಬ ಎರಡು ಸ್ವಿಚ್ಚುಗಳೂ ಆ ಬೆಳೆಯನ್ನೇ ಮನಸ್ಸಿನಲ್ಲಿಟ್ಟು ಮಾಡಿದವು, ಸಸಿಗೆ ಮೊದಲನೆಯದನ್ನು ಮಾತ್ರ ಹಾಕಿ.

ಹೊಸ ದೀಪ ಬಂದ ದಿನ ಅದನ್ನು ಖಾಲಿ ಶೆಲ್ಫಿನ ಮೇಲೆ, ನೀವು ಮನೆಯಲ್ಲಿದ್ದು ನೋಡುತ್ತಿರುವಾಗ, ನಾಲ್ಕು ಗಂಟೆ ಉರಿಸಿ. ಪ್ಲಗ್, ವಯರು, ಡ್ರೈವರುಗಳನ್ನು ಹೊರಗಿನಿಂದ ಒಣಕೈಯಲ್ಲಿ ಮುಟ್ಟಿ ನೋಡಿ. ಡ್ರೈವರ್ ಬೆಚ್ಚಗಿರುವುದು ಸಹಜ, ಪ್ಲಗ್ ಬೆಚ್ಚಗಾಗಬಾರದು. ಹಳೆಯ ಮಂದ ದೀಪದಡಿ ಬೆಳೆದ ಸಸಿಗಳನ್ನು ಇದರಡಿಗೆ ತರುವಾಗ ಡಿಮ್ಮರನ್ನು ಅರ್ಧದಲ್ಲಿಡಿ, ಡಿಮ್ಮರ್ ಇಲ್ಲದಿದ್ದರೆ ದೀಪವನ್ನು ಒಂದಡಿ ಹೆಚ್ಚು ಎತ್ತರದಲ್ಲಿ ಕಟ್ಟಿ, ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಪೂರ್ಣ ಬೆಳಕಿಗೆ ತನ್ನಿ.